ಕಷ್ಟದ ಬಾಲ್ಯದಿಂದ ಹೊರಬರಲು: ಮೊದಲು ಮರ, ಆಮೇಲೆ ಕಥೆ, ಕೊನೆಗೆ ನಗು

"ಮನೆಯಲ್ಲಿ ದಿನಾ ಜಗಳ ನೋಡಿಕೊಂಡೇ ಬೆಳೆದೆ. ಈಗ ಕೆಲಸ ಇದೆ, ಸಂಸಾರ ಇದೆ. ಆದರೂ ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಎದೆ ಹೊಡೆದುಕೊಳ್ಳುತ್ತದೆ. ಏನು ಮಾಡಲಿ?" ಕೇಳುವವರ ವಯಸ್ಸು, ಬಡಾವಣೆ ಬದಲಾಗುತ್ತವೆ. ಪ್ರಶ್ನೆ ಇದೇ. ಹಾಗಾಗಿ ಉತ್ತರವನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಹೀಗೆ ಕೇಳುವವರಲ್ಲಿ ಹೆಚ್ಚಿನವರು ಏನಾದರೂ ಮಾಡಿ ನೋಡಿಯೇ ಇರುತ್ತಾರೆ. ಕೆಲವರು ಡೈರಿ ಶುರು ಮಾಡಿ, ನಿದ್ದೆ ಕೆಟ್ಟು ಬಿಟ್ಟಿರುತ್ತಾರೆ. ಕೆಲವರು ಬಾಲ್ಯವನ್ನೆಲ್ಲ ಜೋಕ್ ಮಾಡಿ ಗೆಳೆಯರನ್ನು ನಗಿಸುತ್ತಾರೆ, ಮನೆಗೆ ಬಂದು ಮಂಕಾಗಿ ಕೂರುತ್ತಾರೆ. ಇನ್ನು ಕೆಲವರು ವಾರಕ್ಕೊಮ್ಮೆ ನಂದಿ ಬೆಟ್ಟಕ್ಕೆ ಗಾಡಿ ಓಡಿಸುತ್ತಾರೆ. ಸೋಮವಾರಕ್ಕೆ ಮತ್ತೆ ಅದೇ ಭಾರ. ಬರೆಯುವುದು, ನಗುವುದು, ಹೊರಗೆ ಹೋಗುವುದು ಮೂರೂ ಒಳ್ಳೆಯವೇ. ಎಡವಟ್ಟಾಗುವುದು ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದರಲ್ಲಿ ಅಂತ ನನಗನಿಸುತ್ತದೆ. ಮೈ ಸ್ವಲ್ಪ ಸಮಾಧಾನಕ್ಕೆ ಬರದೆ ಬರೆಯಲು ಕೂತರೆ ಗಾಯ ಕೆದಕಿದಂತಾಗುತ್ತದೆ. ನೇರವಾಗಿ ಹೇಳಿಕೊಳ್ಳುವ ಮೊದಲೇ ನಕ್ಕುಬಿಟ್ಟರೆ, ಹೇಳಬೇಕಾದ್ದು ಒಳಗೇ ಉಳಿಯುತ್ತದೆ.

ನಾನು ವೈದ್ಯನಲ್ಲ. ಇದು ಚಿಕಿತ್ಸೆಗೆ ಬದಲಿಯೂ ಅಲ್ಲ. ಔಷಧಿ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ.

"ಕಷ್ಟದ ಬಾಲ್ಯ" ಅಂದರೆ ಯಾವುದು?

"ನನ್ನದು ಅಷ್ಟೇನೂ ದೊಡ್ಡದಲ್ಲ ಬಿಡಿ" ಎಂದೇ ಅನೇಕರು ಮಾತು ಶುರು ಮಾಡುತ್ತಾರೆ. 1995ರಿಂದ 1997ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಆ ಕೆಲಸದಿಂದ ಹತ್ತು ಬಗೆಯ ಕಷ್ಟಗಳ ಪಟ್ಟಿ ಬಂತು. ಹೊಡೆತ, ಹೀಯಾಳಿಕೆ, ಲೈಂಗಿಕ ದೌರ್ಜನ್ಯ, ಊಟ-ಬಟ್ಟೆ ನೋಡಿಕೊಳ್ಳದಿರುವುದು, ಪ್ರೀತಿ ತೋರಿಸದಿರುವುದು, ಮನೆಯಲ್ಲಿ ಕುಡಿತ, ತಾಯಿಗೆ ಏಟು ಬೀಳುವುದು, ಮನೆಯವರ ಮಾನಸಿಕ ಕಾಯಿಲೆ, ಮನೆಯವರು ಜೈಲಿಗೆ ಹೋಗುವುದು, ಅಪ್ಪ-ಅಮ್ಮ ಬೇರೆಯಾಗುವುದು. ಉತ್ತರಿಸಿದವರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಇವುಗಳಲ್ಲಿ ಒಂದಾದರೂ ಆಗಿತ್ತು. ಜಾಸ್ತಿ ಕಷ್ಟ ಕಂಡವರಲ್ಲಿ ದೊಡ್ಡವರಾದ ಮೇಲೆ ಕಾಯಿಲೆಗಳೂ ಜಾಸ್ತಿ ಇದ್ದವು.

ನಮ್ಮ ಕಡೆಯ ಕೆಲವು ಕಷ್ಟಗಳು ಆ ಪಟ್ಟಿಯಲ್ಲಿ ಇಲ್ಲ. ನೆಂಟರ ಮನೆಯಲ್ಲಿ ಬಿಟ್ಟು ಓದಿಸಿದ್ದು. ದೊಡ್ಡಮ್ಮನ ಮಗನ ಮಾರ್ಕ್ಸ್ ಕಾರ್ಡ್ ಜೊತೆ ದಿನಾ ಹೋಲಿಕೆ. ಜಾತಿಯ ಕಾರಣಕ್ಕೆ ಶಾಲೆಯಲ್ಲಿ ಬೇರೆ ಕೂರಿಸಿದ್ದು. ಇವೂ ಲೆಕ್ಕಕ್ಕೆ ಬರುತ್ತವೆ. "ನಾವೂ ಏಟು ತಿಂದೇ ಬೆಳೆದಿದ್ದು, ನಮಗೇನಾಗಿದೆ?" ಎನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಅದಕ್ಕೆ ಇನ್ನೊಂದು ಆಯುಷ್ಯ ಬೇಕು.

ಏನೇನು ಬೇಕು?

ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ವಾರಕ್ಕೆ ಎರಡು ಗಂಟೆ, ನಂಬಿಕೆಯ ಒಬ್ಬ ಮನುಷ್ಯ. ಕೊನೆಯದು ಈಗಲೇ ಸಿಗದಿದ್ದರೂ ನಡೆಯುತ್ತದೆ.

ಇನ್ನೊಂದು ಬೇಕು, ಬೆಂಗಳೂರಲ್ಲಿ ಸುಲಭಕ್ಕೆ ಸಿಗದ್ದು: ಬೀಗ. ಪಿಜಿಯಲ್ಲಿ ಮೂವರ ಜೊತೆ ಇದ್ದೀರಿ, ಅಥವಾ ಯಾರ ಬಗ್ಗೆ ಬರೆಯುತ್ತೀರೋ ಅವರ ಮನೆಯಲ್ಲೇ ಇದ್ದೀರಿ. ಆಗ ನೋಟ್‌ಬುಕ್ ಹಾಸಿಗೆ ಕೆಳಗೆ ಇಡುವುದು ಬೇಡ, ಅಲ್ಲೇ ಮೊದಲು ಹುಡುಕುತ್ತಾರೆ. ಆಫೀಸಿನ ಲಾಕರ್‌ನಲ್ಲಿ ಇಡಿ, ಇಲ್ಲವೇ ಬೀಗ ಹಾಕುವ ಬ್ಯಾಗ್‌ನಲ್ಲಿ ಇಡಿ. ಫೋನಿನಲ್ಲಿ ಬರೆಯುವುದಾದರೆ ಆ ಆ್ಯಪ್‌ಗೆ ಬೇರೆಯೇ ಪಾಸ್‌ವರ್ಡ್ ಹಾಕಿ.

ಹಂತ 1: ಈಗ ಶುರು ಮಾಡಬಹುದಾ ಎಂದು ನೋಡಿಕೊಳ್ಳಿ

ಈ ಐದರಲ್ಲಿ ಒಂದಕ್ಕೆ "ಹೌದು" ಎಂದರೂ ಒಬ್ಬರೇ ಶುರು ಮಾಡಬೇಡಿ.

- ಬದುಕೇ ಬೇಡ ಎನ್ನುವ ಯೋಚನೆ ಈಚೆಗೆ ಬಂದಿದೆಯಾ?
- ನಿದ್ದೆಗೆ ಕುಡಿತ ಅಥವಾ ಮಾತ್ರೆ ಬೇಕೇ ಬೇಕಾ?
- ಹಳೆಯ ಘಟನೆ ಈಗ ಕಣ್ಣೆದುರೇ ನಡೆಯುತ್ತಿದೆ ಎನಿಸಿ, ಎಲ್ಲಿದ್ದೀರಿ ಎಂಬುದೇ ಮರೆತುಹೋಗುತ್ತದಾ?
- ನಡೆದದ್ದು ಲೈಂಗಿಕ ದೌರ್ಜನ್ಯವಾ, ಮತ್ತು ಅದನ್ನು ಈವರೆಗೆ ಯಾರಿಗೂ ಹೇಳಿಲ್ಲವಾ?
- ಹಿಂಸೆ ಈಗಲೂ ನಡೆಯುತ್ತಿದೆಯಾ?

ಹಾಗಿದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಇದು ಟೆಲಿ-ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು. ಈಗ ಹಿಂಸೆ ಅನುಭವಿಸುತ್ತಿರುವುದು ಮಗುವಾದರೆ ಸಂಖ್ಯೆ 1098. ಜೀವಕ್ಕೆ ಅಪಾಯ ಇದ್ದರೆ 112.

ಹಂತ 2: ಒಂದು ಮರ ಹಿಡಿಯಿರಿ

ಮೊದಲ ಮೂರ್ನಾಲ್ಕು ವಾರ ಬರೆಯುವುದೇ ಬೇಡ. ಹೊರಗೆ ಹೋಗಿ ಕೂರುವುದೇ ಕೆಲಸ.

ಇದಕ್ಕೆ ಕಾರಣ ಇದೆ. ಹಳೆಯದನ್ನು ಮನಸ್ಸು ಸುಮ್ಮನೆ ನೆನೆಸುವುದಿಲ್ಲ, ಮೆಲುಕು ಹಾಕುತ್ತಾ ಕೂರುತ್ತದೆ. "ನಾನು ಹಾಗೆ ಮಾಡದಿದ್ದರೆ ಅಪ್ಪ ಹೊಡೆಯುತ್ತಿರಲಿಲ್ಲವೇನೋ" ಎಂದು ಅದೇ ಜಾಗದಲ್ಲಿ ಸುತ್ತುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಕೆಲವರನ್ನು 90 ನಿಮಿಷ ಮರಗಿಡಗಳ ನಡುವೆ ನಡೆಸಿದರು, ಕೆಲವರನ್ನು ವಾಹನ ಓಡಾಡುವ ರಸ್ತೆ ಬದಿ ನಡೆಸಿದರು. ಮರಗಳ ನಡುವೆ ನಡೆದವರಲ್ಲಿ ಈ ಮೆಲುಕು ಕಡಿಮೆಯಾಯಿತು. ರಸ್ತೆ ಬದಿ ನಡೆದವರಲ್ಲಿ ಆಗಲಿಲ್ಲ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ ಇನ್ನೊಂದು ಅಧ್ಯಯನದ ಪ್ರಕಾರ, ವಾರಕ್ಕೆ 120 ನಿಮಿಷವಾದರೂ ಹಸಿರಿನಲ್ಲಿ ಕಳೆಯುವವರು ತಾವು ಚೆನ್ನಾಗಿದ್ದೇವೆ ಎಂದು ಹೇಳುವುದು ಜಾಸ್ತಿ. ಆ ಎರಡು ಗಂಟೆ ಒಂದೇ ಸಲ ಆಗಬೇಕಿಲ್ಲ, ಬಿಡಿಬಿಡಿಯಾಗಿ ಆದರೂ ಅಷ್ಟೇ. ಹಾಗಾಗಿ ನಂದಿ ಬೆಟ್ಟದ ಟ್ರಾಫಿಕ್ ಜಾಮ್‌ನಲ್ಲಿ ನಿಲ್ಲುವ ಅಗತ್ಯ ಇಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಜಾಗ ಇನ್ನೂ ಉಳಿದಿದೆ. ಲಾಲ್‌ಬಾಗ್ 240 ಎಕರೆ, ಮೆಟ್ರೋ ಹಸಿರು ಮಾರ್ಗದಲ್ಲಿ ಅದರ ಹೆಸರಿನದೇ ನಿಲ್ದಾಣ ಇದೆ. ಕಬ್ಬನ್ ಪಾರ್ಕಿಗೆ ನೇರಳೆ ಮಾರ್ಗ. ದಕ್ಷಿಣದಲ್ಲಿದ್ದರೆ ಪುಟ್ಟೇನಹಳ್ಳಿ ಕೆರೆ, ಉತ್ತರದಲ್ಲಿ ಜಕ್ಕೂರು ಕೆರೆ, ಸರ್ಜಾಪುರ ರಸ್ತೆ ಕಡೆ ಕೈಕೊಂಡ್ರಹಳ್ಳಿ ಕೆರೆ, ಮಲ್ಲೇಶ್ವರದ ಕಡೆ ಸ್ಯಾಂಕಿ ಕೆರೆ. ಕೆರೆ ಪಾರ್ಕ್‌ಗಳನ್ನು ಮಧ್ಯಾಹ್ನ ಮುಚ್ಚಿರುವುದೇ ಹೆಚ್ಚು, ಗೇಟಿನ ಬೋರ್ಡ್ ನೋಡಿಕೊಳ್ಳಿ. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನಲ್ಲಿ ಲಾಲ್‌ಬಾಗ್ ಬೇಡ. ಫಲಪುಷ್ಪ ಪ್ರದರ್ಶನದ ಜನಜಾತ್ರೆಯಲ್ಲಿ ಸಮಾಧಾನ ಸಿಗುವುದಿಲ್ಲ, ಮಸಾಲೆ ಮಂಡಕ್ಕಿ ಸಿಗುತ್ತದೆ.

ಇಷ್ಟರಲ್ಲಿ ಒಂದೇ ಒಂದು ಮರ ಆರಿಸಿಕೊಳ್ಳಿ. ನಿಮ್ಮ ಬೀದಿಯ ಹೊಂಗೆ ಮರವೂ ಆಗುತ್ತದೆ. ವಾರದಲ್ಲಿ ನಾಲ್ಕೈದು ಸಲ, ಇಪ್ಪತ್ತೈದು-ಮೂವತ್ತು ನಿಮಿಷ, ಅದೇ ಮರದ ಹತ್ತಿರ ಹೋಗಿ. ಚಿಗುರು ಬಂತಾ, ಎಲೆ ಉದುರಿತಾ, ಯಾವ ಹಕ್ಕಿ ಕೂತಿದೆ ಎಂದು ನೋಡಿ. ಈ ಊರಿನಲ್ಲಿ ನೋಡಲು ಬರವಿಲ್ಲ. ವರ್ಷದ ಶುರುವಿನಲ್ಲಿ ಗುಲಾಬಿ ತಬೆಬುಯಾ, ಅದರ ಹಿಂದೆ ಹಳದಿ ತಬೆಬುಯಾ, ಏಪ್ರಿಲ್-ಮೇನಲ್ಲಿ ಗುಲ್‌ಮೊಹರ್, ಮಳೆಗಾಲ ಮುಗಿಯುತ್ತಿದ್ದಂತೆ ಆಕಾಶಮಲ್ಲಿಗೆ. ಒಂದು ಮುಗಿದಂತೆ ಇನ್ನೊಂದು ಅರಳಲಿ ಎಂದು ಲೆಕ್ಕ ಹಾಕಿಯೇ ಇಲ್ಲಿ ಮರ ನೆಟ್ಟಿದ್ದಾರೆ. ಆ ಯೋಚನೆಯ ಹಿಂದೆ ಲಾಲ್‌ಬಾಗ್ ನೋಡಿಕೊಂಡಿದ್ದ ಜರ್ಮನ್ ತೋಟಗಾರ ಕ್ರುಂಬೀಗಲ್ ಇದ್ದರು. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಕಾಲದಲ್ಲಿ ನಗರದ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಲಾಯಿತು. ಹಕ್ಕಿಯ ಕೂಗು ಗೊತ್ತಾಗದಿದ್ದರೆ ಮರ್ಲಿನ್ ಎಂಬ ಉಚಿತ ಆ್ಯಪ್ ಕೇಳಿಸಿಕೊಂಡು ಹೆಸರು ಹೇಳುತ್ತದೆ. ಲಾಲ್‌ಬಾಗಿನಲ್ಲಿ "ಕುಟ್ರೂ ಕುಟ್ರೂ" ಎಂದು ಬಿಡದೆ ಕೂಗುವ ಹಸಿರು ಹಕ್ಕಿಗೆ ಆ್ಯಪ್ ಬೇಕಿಲ್ಲ. ಅದೇ ಕುಟ್ರು ಹಕ್ಕಿ.

ಜನ ಇಲ್ಲಿ ಎಡವುವುದು ಹೀಗೆ:

- ಕಿವಿಗೆ ಇಯರ್‌ಫೋನ್ ಹಾಕಿ, ಸ್ಟೆಪ್ಸ್ ಎಣಿಸುತ್ತಾ ನಡೆಯುವುದು. ಅದು ವ್ಯಾಯಾಮ. ಒಳ್ಳೆಯದೇ, ಆದರೆ ನಾನು ಹೇಳುತ್ತಿರುವುದು ಅದಲ್ಲ.
- ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿ, ಯಾರು ನೋಡಿದರು ಎಂದು ನೋಡುತ್ತಾ ಕೂರುವುದು.
- ತುರಹಳ್ಳಿ ಕಾಡು, ಬನ್ನೇರುಘಟ್ಟದ ಅಂಚಿನಂಥ ಕಡೆ ಒಬ್ಬರೇ ಹೋಗುವುದು. ಬೆಳಕಿದ್ದಾಗ, ಜೊತೆಯಲ್ಲಿ ಹೋಗಿ. ಆ ಕಡೆ ಚಿರತೆ ಓಡಾಟವೂ ಇದೆ.
- ಯಾವ ಮರವಾದರೂ ಸರಿ ಎಂದುಕೊಳ್ಳುವುದು. ಹುಣಸೆ ಬರಲಿನಲ್ಲಿ ಏಟು ತಿಂದವರಿಗೆ ಹುಣಸೆ ಮರದ ಕೆಳಗೆ ನೆಮ್ಮದಿ ಹೇಗೆ ಬರುತ್ತದೆ? ಬೇರೆ ಮರ ನೋಡಿ.

ಹೊರಗೆ ಹೋಗಲು ಆಗದವರಿಗೆ ಕಿಟಕಿಯಾದರೂ ಆದೀತು. ರೋಜರ್ ಉಲ್ರಿಚ್ ಎಂಬ ಸಂಶೋಧಕ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಆಪರೇಷನ್ ಆದವರ ಪೈಕಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ನೋವಿಗೆ ಕೊಡುವ ಗಟ್ಟಿ ಮದ್ದೂ ಅವರಿಗೆ ಕಡಿಮೆ ಸಾಕಾಯಿತು. ನಿಮ್ಮ ಕಿಟಕಿಗೂ ಪಕ್ಕದ ಮನೆಯ ಗೋಡೆಯೇ ಕಂಡರೆ ಒಂದು ಪಾಟ್‌ನಲ್ಲಿ ದೊಡ್ಡಪತ್ರೆ ಕಡ್ಡಿ ನೆಡಿ. ಎಂಥವರ ಕೈಯಲ್ಲೂ ಬರುತ್ತದೆ.

ಹಂತ 3: ನೆಲಕ್ಕೆ ಮರಳುವುದನ್ನು ಕಲಿಯಿರಿ

ಟ್ರಿಗರ್ ಎಂಬ ಮಾತು ಕೇಳಿರುತ್ತೀರಿ. ಹಳೆಯ ಭಯವನ್ನು ತಟ್ಟನೆ ಎಬ್ಬಿಸುವ ಶಬ್ದ, ವಾಸನೆ, ಮಾತು ಏನಾದರೂ ಸರಿ, ಅದು ಟ್ರಿಗರ್. ಅದರಿಂದ ಈ ಕ್ಷಣಕ್ಕೆ ಮರಳುವ ಉಪಾಯಕ್ಕೆ ಗ್ರೌಂಡಿಂಗ್ ಎನ್ನುತ್ತಾರೆ.

ತುಂಬ ಬಳಕೆಯಲ್ಲಿರುವ ಉಪಾಯ ಇದು: ಕಣ್ಣಿಗೆ ಕಾಣುವ 5 ವಸ್ತು, ಮುಟ್ಟಲಾಗುವ 4, ಕೇಳಿಸುವ 3 ಸದ್ದು, 2 ವಾಸನೆ, 1 ರುಚಿ. ಒಂದೊಂದಾಗಿ ಹೆಸರು ಹೇಳಿ, ಆದರೆ ಬಾಯಿಬಿಟ್ಟು ಹೇಳಿ. ನಿಮ್ಮ ಮರದ ಕೆಳಗೆ ಆರಾಮಾಗಿರುವಾಗಲೇ ಇದನ್ನು ಅಭ್ಯಾಸ ಮಾಡಿ. ಎದೆ ಹೊಡೆದುಕೊಳ್ಳುವಾಗ ಹೊಸದಾಗಿ ಕಲಿಯಲು ಆಗುವುದಿಲ್ಲ.

ಇದು ಸಲೀಸಾಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 4: ನಾಲ್ಕು ದಿನ, ಹದಿನೈದು ನಿಮಿಷ

1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಅವರ ಜೊತೆಗಾರ್ತಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಕೆಟ್ಟ ಘಟನೆಯ ಬಗ್ಗೆ ಬರೆದರು. ಕೆಲವರು ಬರೀ ಏನಾಯಿತು ಎಂದು ಬರೆದರು. ಕೆಲವರು ಬರೀ ಏನನಿಸಿತು ಎಂದು ಬರೆದರು. ಇನ್ನು ಕೆಲವರು ಎರಡನ್ನೂ ಬರೆದರು. ಮುಂದಿನ ತಿಂಗಳುಗಳಲ್ಲಿ ಡಾಕ್ಟರ್ ಹತ್ತಿರ ಹೋಗುವುದು ಕಡಿಮೆಯಾದದ್ದು ಎರಡನ್ನೂ ಬರೆದವರಲ್ಲಿ. ಬರೆದ ಕೂಡಲೇ ಮಾತ್ರ ಅವರಿಗೆ ಹಗುರಾಗಲಿಲ್ಲ, ಬೇಜಾರೇ ಜಾಸ್ತಿ ಆಗಿತ್ತು. ಇದು ಗೊತ್ತಿಲ್ಲದೆ ಎಷ್ಟೋ ಜನ ಎರಡನೇ ದಿನ ಬಿಟ್ಟುಬಿಡುತ್ತಾರೆ.

ಮಾಡುವುದು ಹೀಗೆ. ಫೋನಿನಲ್ಲಿ 15 ನಿಮಿಷದ ಅಲಾರಂ ಇಡಿ. ಒಂದೇ ಒಂದು ಘಟನೆ ಆರಿಸಿ. ಅತಿ ದೊಡ್ಡ ಗಾಯದಿಂದ ಶುರು ಮಾಡಬೇಡಿ. ಹತ್ತಕ್ಕೆ ಇಂತಿಷ್ಟು ಎಂದು ನೋವಿಗೆ ಅಂಕ ಕೊಟ್ಟರೆ ನಾಲ್ಕು-ಐದು ಬರುವಂಥದ್ದು ಸಾಕು. ಕೈ ನಿಲ್ಲಿಸದೆ ಬರೆಯಿರಿ. ಕಾಗುಣಿತ ನೋಡಬೇಡಿ. ಅಲಾರಂ ಹೊಡೆದಾಗ ವಾಕ್ಯದ ಮಧ್ಯದಲ್ಲಿದ್ದರೂ ನಿಲ್ಲಿಸಿ, ಮುಖ ತೊಳೆದು, ಮರದ ಹತ್ತಿರ ಹೋಗಿ. ಇಡೀ ವಿಧಾನದಲ್ಲಿ ಈ ಕೊನೆಯ ಭಾಗವನ್ನು ಮಾತ್ರ ತಪ್ಪಿಸಲೇಬಾರದು.

ರಾತ್ರಿ ಹನ್ನೊಂದಕ್ಕೆ ಬರೆಯಬೇಡಿ. ಕುಡಿದು ಬರೆಯಬೇಡಿ. ಬೆಳಕಿದ್ದಾಗ, ಮುಂದೆ ಒಂದು ಗಂಟೆ ಯಾವ ಮೀಟಿಂಗೂ ಇಲ್ಲದ ಹೊತ್ತಿನಲ್ಲಿ ಬರೆಯಿರಿ. ಬರೆಯುತ್ತಾ ಮೈ ನಡುಗಲು ಶುರುವಾದರೆ, ಉಸಿರು ಸಿಗದಿದ್ದರೆ ಅಲ್ಲೇ ನಿಲ್ಲಿಸಿ. ಸಹಿಸಿಕೊಂಡು ಮುಗಿಸಿದರೆ ಬಹುಮಾನ ಯಾರೂ ಕೊಡುವುದಿಲ್ಲ.

ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಕೇಳುವವರೂ ಬಹಳ. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಬರೆಯುವವರಿಗೆ ನೋವನ್ನೂ ಇಂಗ್ಲಿಷಿನಲ್ಲೇ ಬರೆಯುವುದು ಸಲೀಸು. ಅದರಲ್ಲಿ ಅಷ್ಟು ಚುಚ್ಚುವುದಿಲ್ಲ. ಮೊದಲ ದಿನ ಹಾಗೇ ಬರೆಯಿರಿ. ಆದರೆ ಅಮ್ಮ ಬೈದ ಮಾತನ್ನು ಅಮ್ಮನ ಮಾತಿನಲ್ಲೇ ಬರೆಯಬೇಕು. ಮಂಡ್ಯದ ಕನ್ನಡವೋ, ಹುಬ್ಬಳ್ಳಿಯದೋ, ತುಳುವೋ, ತೆಲುಗೋ, ಉರ್ದುವೋ, ನಿಮ್ಮ ಕಿವಿಗೆ ಬಿದ್ದದ್ದು ಹೇಗೋ ಹಾಗೆ.

ಹಂತ 5: ಬರೆದದ್ದನ್ನು ಕಥೆ ಮಾಡಿ

ನಾಲ್ಕು ದಿನ ಬರೆದದ್ದು ಬರೀ ಸುರಿದಿಟ್ಟದ್ದು. ಅದನ್ನು ಒಂದು ವಾರ ಮುಟ್ಟಬೇಡಿ. ಆಮೇಲೆ ಈ ಮೂರು ಕೆಲಸ ಮಾಡಿ.

ಮೊದಲನೆಯದು, "ನಾನು" ತೆಗೆದು "ಅವನು" ಅಥವಾ "ಅವಳು" ಹಾಕಿ. "ಏಳು ವರ್ಷದ ಹುಡುಗಿ ಅಡುಗೆ ಮನೆ ಬಾಗಿಲ ಹಿಂದೆ ನಿಂತಿದ್ದಳು." ಹೀಗೆ ಬರೆದಾಗ ಒಂದು ವಿಷಯ ಥಟ್ಟನೆ ಕಾಣುತ್ತದೆ: ಏಳು ವರ್ಷ ಎಂದರೆ ಎಷ್ಟು ಚಿಕ್ಕದು! ನಮ್ಮ ನೆನಪಿನಲ್ಲಿ ನಾವು ಯಾವಾಗಲೂ ಈಗಿನಷ್ಟೇ ದೊಡ್ಡವರು. "ಆಗಲೇ ಎದುರು ಮಾತಾಡಬೇಕಿತ್ತು, ಓಡಿ ಹೋಗಬೇಕಿತ್ತು" ಎಂದು ನಮ್ಮನ್ನೇ ಬೈದುಕೊಳ್ಳುತ್ತೇವೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡನೇ ಕ್ಲಾಸಿನ ಮಗು ಬ್ಯಾಗು ಹೊತ್ತು ಶಾಲೆ ವ್ಯಾನ್ ಹತ್ತುವುದನ್ನು ಒಮ್ಮೆ ನೋಡಿ. ಆ ಮಗು ಯಾರನ್ನು ಎದುರಿಸಬೇಕಿತ್ತು?

ಎರಡನೆಯದು, ಕಥೆಯಲ್ಲಿ ಸಮಸ್ಯೆಗೆ ಬೇರೆಯೇ ಒಂದು ಹೆಸರು ಕೊಡಿ. ನರೇಟಿವ್ ಥೆರಪಿ ಎಂಬ ಪದ್ಧತಿ ಇದೆ, ಕಥೆ ಹೇಳಿಕೊಳ್ಳುವ ಬಗೆಯನ್ನು ಬದಲಿಸಿ ಮಾಡುವ ಚಿಕಿತ್ಸೆ. ಆಸ್ಟ್ರೇಲಿಯಾದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್‌ಟನ್ ಅದನ್ನು ಕಟ್ಟಿದರು. ಸಮಸ್ಯೆಯೇ ಬೇರೆ, ಮನುಷ್ಯನೇ ಬೇರೆ ಎಂದು ನೋಡುವುದು ಅದರ ಮುಖ್ಯ ಉಪಾಯ. "ನಾನು ಪುಕ್ಕಲ" ಎಂದು ಬರೆಯುವ ಬದಲು "ಆರು ಗಂಟೆಗೆ ಮನೆಗೆ ಭಯ ಬರುತ್ತಿತ್ತು, ಎಂಟಕ್ಕೆ ಊಟ ಮುಗಿಸಿ ಹೋಗುತ್ತಿತ್ತು" ಎಂದು ಬರೆದು ನೋಡಿ. ಆಗ ಆ ಭಯವನ್ನೇ ಪ್ರಶ್ನೆ ಕೇಳಬಹುದು. ಅದು ಯಾವಾಗ ಬರುತ್ತಿರಲಿಲ್ಲ? ಯಾರು ಮನೆಯಲ್ಲಿದ್ದರೆ ಹೊರಗೇ ನಿಲ್ಲುತ್ತಿತ್ತು?

ಮೂರನೆಯದಕ್ಕೆ ಜಾಸ್ತಿ ಸಮಯ ಕೊಡಿ. ನಿಮ್ಮ ಕಥೆಯಲ್ಲಿ ಒಳ್ಳೆಯದು ಮಾಡಿದ ಒಬ್ಬರನ್ನು ಹುಡುಕಿ. 1955ರಲ್ಲಿ ಹವಾಯಿಯ ಕವಾಯಿ ದ್ವೀಪದಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ತಂಡ ದಶಕಗಳ ಕಾಲ ಗಮನಿಸಿದರು. ತುಂಬ ಕಷ್ಟದ ಮನೆಗಳಲ್ಲಿ ಬೆಳೆದವರಲ್ಲೂ ಮೂರನೇ ಒಂದು ಭಾಗದಷ್ಟು ಮಕ್ಕಳು ಚೆನ್ನಾಗಿಯೇ ದೊಡ್ಡವರಾದರು. ಅಂಥವರ ಬದುಕಿನಲ್ಲಿ ಅಕ್ಕರೆಯಿಂದ ನೋಡಿಕೊಂಡ ದೊಡ್ಡವರು ಒಬ್ಬರಾದರೂ ಇದ್ದರು. ಅಜ್ಜಿ, ಟೀಚರ್, ಪಕ್ಕದ ಮನೆಯವರು, ಯಾರೋ. ನಿಮ್ಮ ಕಥೆಯಲ್ಲಿ ಅದು ಯಾರು? ಜಗಳ ಶುರುವಾದಾಗ "ಬಾ, ಹೂ ಕಟ್ಟೋಣ" ಎಂದು ಒಳಗೆ ಕರೆಯುತ್ತಿದ್ದ ಎದುರು ಮನೆ ಆಂಟಿಯಾ? ಲೈಬ್ರರಿ ಬೀಗದ ಕೈ ಕೊಟ್ಟ ಮೇಷ್ಟರಾ? ಹತ್ತಿ ಕೂರಲು ಜಾಗ ಕೊಟ್ಟ ಸೀಬೆ ಮರವಾ? ಅದೂ ಲೆಕ್ಕಕ್ಕೆ ಬರುತ್ತದೆ. ಅವರಿಗೆ ಒಂದು ಪೂರ್ತಿ ಪುಟ ಕೊಡಿ. ಇದು "ಎಲ್ಲದರಲ್ಲೂ ಒಳ್ಳೆಯದನ್ನೇ ನೋಡು" ಎನ್ನುವ ಉಪದೇಶವಲ್ಲ. ನಡೆದದ್ದು ಹಾಗೇ ಇರಲಿ, ಅದರ ಪಕ್ಕದಲ್ಲಿ ಇದ್ದದ್ದೂ ಬರಲಿ.

ನೆನಪಿನ ಬಗ್ಗೆ ಒಂದು ಎಚ್ಚರ. ತಾರೀಕು, ಸೀರೆಯ ಬಣ್ಣ, ಯಾರು ಎಲ್ಲಿ ನಿಂತಿದ್ದರು ಎನ್ನುವುದು ತಪ್ಪಿರಬಹುದು. ಅದಕ್ಕಾಗಿ ಊರಿಗೆ ಫೋನ್ ಮಾಡಿ ವಿಚಾರಣೆ ನಡೆಸಬೇಡಿ. ಒಂದೇ ಮನೆಯಲ್ಲಿ ಬೆಳೆದ ಅಕ್ಕನ ಕಥೆ ಬೇರೆಯೇ ಇರುತ್ತದೆ. ಅವಳಿಗೆ ಅದೇ ಅಪ್ಪ ಇನ್ನೊಂದು ವಯಸ್ಸಿನಲ್ಲಿ ಸಿಕ್ಕಿದ್ದರು. ನೆನಪಿಲ್ಲದ ಕಡೆ "ನೆನಪಿಲ್ಲ" ಎಂದೇ ಬರೆಯಿರಿ, ಕಲ್ಪಿಸಿ ತುಂಬಬೇಡಿ.

ಹಂತ 6: ಒಬ್ಬರಿಗೆ ಹೇಳಿ

ನಮ್ಮಲ್ಲಿ ಒಂದು ಜನಪದ ಕಥೆ ಇದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಎರಡನ್ನೂ ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಸಾಕಾಗಿ, ಅವಳು ಬಾಯಿ ತೆರೆದು ಮಲಗಿದ್ದಾಗ ಅವು ಹೊರಗೆ ಬಿದ್ದವು. ಕಥೆ ಒಂದು ಜೊತೆ ಜೋಡಾಗಿ ಹೊಸ್ತಿಲಾಚೆ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತು ಬಿತ್ತು. ಗಂಡ ಬಂದು ನೋಡಿ "ಯಾರು ಬಂದಿದ್ದರು?" ಎಂದು ಜಗಳ ತೆಗೆದ. ಹೇಳದೆ ಉಳಿದ ಬಾಲ್ಯವೂ ಹೀಗೇ ವೇಷ ಹಾಕಿಕೊಂಡು ಬರುತ್ತದೆ. ಮಗ ಹಾಲು ಚೆಲ್ಲಿದ್ದಕ್ಕೆ ನೀವು ಕಿರುಚಿದಿರಿ, ಹೆಂಡತಿಗೆ ಕಾರಣವೇ ತಿಳಿಯಲಿಲ್ಲ. ಆ ಕಥೆಯಲ್ಲಿ ಇನ್ನೂ ಒಂದು ಮಾತಿದೆ. ಕೊನೆಗೆ ಗಂಡ ಬಂದು "ಏನು ನಿನ್ನ ಕಥೆ? ಏನು ನಿನ್ನ ಹಾಡು?" ಎಂದು ಕೇಳಿದಾಗ ಅವಳಿಗೆ ಎರಡೂ ಮರೆತುಹೋಗಿತ್ತು. ಹಾಗಾಗಿ ತೀರಾ ತಡ ಮಾಡಬೇಡಿ.

ಯಾರಿಗೆ ಹೇಳಬೇಕು? ಗುಟ್ಟು ಉಳಿಸಿಕೊಂಡು ತೋರಿಸಿದವರಿಗೆ. ಮೊದಲು ಕೇಳಿ: "ಅರ್ಧ ಗಂಟೆ ಬಿಡುವಿದೆಯಾ? ಸ್ವಲ್ಪ ಭಾರದ ವಿಷಯ. ಸಲಹೆ ಬೇಡ, ಸುಮ್ನೆ ಕೇಳಿಸಿಕೋ." ಎದುರುಬದುರು ಕೂತು ಹೇಳುವುದಕ್ಕಿಂತ ಪಕ್ಕಪಕ್ಕ ನಡೆಯುತ್ತಾ ಹೇಳುವುದು ಸುಲಭ, ಕಣ್ಣು ತಪ್ಪಿಸುವ ಕಷ್ಟ ಇರುವುದಿಲ್ಲ. ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಲ್ಲಿ ಗಾಡಿ ಓಡಾಟ ಇರುವುದಿಲ್ಲ. ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅರ್ಧದಲ್ಲೇ "ಹೋಗ್ಲಿ ಬಿಡು, ಹಳೇದನ್ನ ಯಾಕೆ ಕೆದಕ್ತೀಯ" ಎಂದರೆ ಮಾತು ಬದಲಿಸಿ ಕಾಫಿಗೆ ಕರೆದುಕೊಂಡು ಹೋಗಿ. ಅವರು ಕೆಟ್ಟವರಲ್ಲ, ಈ ಕೆಲಸಕ್ಕೆ ಅವರು ಆಗುವುದಿಲ್ಲ ಅಷ್ಟೆ.

ಮಾಡಬಾರದ ನಾಲ್ಕು: ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವುದು. ನಿಮ್ಮ ಪುಟ್ಟ ಮಕ್ಕಳಿಗೆ ಹೇಳಿ ಹಗುರಾಗುವುದು. ನೋವು ಕೊಟ್ಟವರಿಗೆ ಬರೆದ ಪತ್ರವನ್ನು ಅದೇ ವಾರ ಕಳುಹಿಸುವುದು. ಫೇಸ್‌ಬುಕ್‌ನಲ್ಲಿ ಹೆಸರು ಹಾಕಿ ಬರೆಯುವುದು. ಪತ್ರ ಬರೆಯುವುದು ತುಂಬಾ ಒಳ್ಳೆಯದು, ಕಳುಹಿಸುವ ನಿರ್ಧಾರ ಮಾತ್ರ ಬೇರೆ ಕೆಲಸ. ಆರು ತಿಂಗಳು ಬಿಟ್ಟು ಯೋಚಿಸಿ.

ಹಂತ 7: ಈಗ ನಗಿ

ನಗು ಕೊನೆಗೆ ಬರಬೇಕು ಎಂದಾಗ ಕೆಲವರಿಗೆ ಬೇಜಾರಾಗುತ್ತದೆ. "ನಾನು ಬದುಕಿ ಉಳಿದದ್ದೇ ನಕ್ಕು" ಎನ್ನುತ್ತಾರೆ. ಅದು ನಿಜವೂ ಇರಬಹುದು. ಪ್ರಶ್ನೆ ಯಾವ ನಗು ಎನ್ನುವುದು. ಕೆನಡಾದ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ನಗೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಜನರನ್ನು ಹತ್ತಿರ ತರುವ ನಗು. ಕಷ್ಟದಲ್ಲೂ ತನ್ನೊಳಗೇ ನಕ್ಕು ಹಗುರಾಗುವ ನಗು. ಇನ್ನೊಬ್ಬರನ್ನು ಚುಚ್ಚುವ ನಗು. ಎಲ್ಲರೂ ಮೆಚ್ಚಲಿ ಎಂದು ತನ್ನನ್ನೇ ಹಳಿದುಕೊಳ್ಳುವ ನಗು. ಮೊದಲೆರಡು ಮೈಗೆ ಹಿಡಿಯುತ್ತವೆ. ಕೊನೆಯದು ಬೇಸರ, ಕೀಳರಿಮೆ ಇದ್ದವರಲ್ಲೇ ಜಾಸ್ತಿ ಕಾಣುತ್ತದೆ. ಕಷ್ಟದಲ್ಲಿ ಬೆಳೆದವರು ಅದರಲ್ಲೇ ನಿಸ್ಸೀಮರು, ಅಲ್ವಾ?

ಉದಾಹರಣೆಗೆ ನಾನೇ ಕಟ್ಟಿದ ಒಂದು ಸನ್ನಿವೇಶ ನೋಡಿ. ಹಳೆಯ ಡಬ್ಬ ಟಿವಿ ಕಾಲದ್ದು.

ನೇರವಾಗಿ ಹೇಳಿದ್ದು: "ಗೇಟಿನ ಹತ್ತಿರ ಅಪ್ಪನ ಸ್ಕೂಟರ್ ಸದ್ದಾದರೆ ಹೊಟ್ಟೆ ಕಲಸುತ್ತಿತ್ತು. ಅಣ್ಣ ಟಿವಿ ಆರಿಸುತ್ತಿದ್ದ. ನಾನು ಒದ್ದೆ ಬಟ್ಟೆ ತಂದು ಟಿವಿ ತಣ್ಣಗೆ ಮಾಡುತ್ತಿದ್ದೆ. ಅಪ್ಪ ಒಳಗೆ ಬಂದು ಮೊದಲು ಟಿವಿ ಮುಟ್ಟುತ್ತಿದ್ದರು."

ತನ್ನನ್ನೇ ಹಳಿದುಕೊಂಡದ್ದು: "ನಾನೆಂಥ ಪುಕ್ಕಲ ಅಂದ್ರೆ, ಸ್ಕೂಟರ್ ಸದ್ದಿಗೇ ಚಡ್ಡಿ ಒದ್ದೆ."

ಹಗುರಾಗುವಂತೆ ಹೇಳಿದ್ದು: "ಇಡೀ ಬೀದಿಯಲ್ಲಿ ಟಿವಿಗೆ ಜ್ವರ ಬಂದರೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ನಮ್ಮ ಮನೆಯಲ್ಲೊಂದೇ. ಅಪ್ಪನೂ ದಿನಾ ಬಂದು ಅದರ ಹಣೆ ಮುಟ್ಟಿ ನೋಡೋರು. ನನಗೆ ಜ್ವರ ಬಂದಾಗ ಮಾತ್ರ ಯಾರೂ ಮುಟ್ಟಿ ನೋಡಲಿಲ್ಲ."

ಎರಡನೆಯದರಲ್ಲಿ ನಗೆಗೆ ಗುರಿಯಾದದ್ದು ಹೆದರಿದ ಮಗು. ಮೂರನೆಯದರಲ್ಲಿ ಆ ಮನೆಯ ವಿಚಿತ್ರ ಪದ್ಧತಿ. ನೋವು ಎಲ್ಲೂ ಹೋಗಿಲ್ಲ, ಕೊನೆಯ ವಾಕ್ಯದಲ್ಲಿ ಹಾಗೇ ಇದೆ. ಇಷ್ಟು ನೋಡಿಕೊಂಡರೆ ಸಾಕು: ಮಗುವನ್ನು ನೋಡಿ ನಗಬೇಡಿ, ಮಗುವಿನ ಜೊತೆ ಕೂತು ನಗಿ. ಯಕ್ಷಗಾನದ ಹಾಸ್ಯಗಾರ ರಾಜನ ಆಸ್ಥಾನದಲ್ಲೇ ನಿಂತು ದೊಡ್ಡವರನ್ನು ಗೇಲಿ ಮಾಡುತ್ತಾನೆ. ನಿಮ್ಮ ನಗೆಯೂ ಆ ಕಡೆಗೇ ತಿರುಗಲಿ.

ಬರೆದ ಘಟನೆಗಳಲ್ಲಿ ನೋವಿನ ಅಂಕ ಈಗ ಮೂರಕ್ಕೆ ಇಳಿದಿರುವ ಒಂದನ್ನು ಆರಿಸಿ. ಅದರಲ್ಲಿ ತೀರಾ ಅಸಂಗತವಾದದ್ದು ಯಾವುದು? ವಿಚಿತ್ರ ನಿಯಮ, ನೆಪ, ನೆಂಟರು ಬಂದಾಗ ಹಾಕುತ್ತಿದ್ದ ಮುಖವಾಡ. ಅದನ್ನು ಐದು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಹಂತ 6ರಲ್ಲಿ ಕೇಳಿಸಿಕೊಂಡವರಿಗೆ ಓದಿ. ನಕ್ಕ ಮೇಲೆ ಭುಜ ಸಡಿಲವಾಯಿತಾ, ಅಥವಾ ಗಂಟಲು ಕಟ್ಟಿತಾ? ಕಟ್ಟಿದರೆ ಅದು ಇನ್ನೂ ಹಣ್ಣಾಗಿಲ್ಲ. ಎತ್ತಿಟ್ಟು ಬೇರೆ ಘಟನೆ ತೆಗೆದುಕೊಳ್ಳಿ. ಕೆಲವು ಘಟನೆಗಳು ಎಂದೂ ನಗೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಲೈಂಗಿಕ ದೌರ್ಜನ್ಯವನ್ನು ಜೋಕ್ ಮಾಡು ಎಂದು ನಿಮಗೆ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ.

ಈ ಊರಿನಲ್ಲಿ ಓಪನ್ ಮೈಕ್‌ಗಳಿಗೆ ಕೊರತೆ ಇಲ್ಲ. ಯಾರು ಬೇಕಾದರೂ ಐದು ನಿಮಿಷ ವೇದಿಕೆ ಹತ್ತಬಹುದು. ಆದರೆ ಗುರುತಿಲ್ಲದ ನಲವತ್ತು ಜನ ನಗದಿದ್ದರೂ ತಡೆದುಕೊಳ್ಳಬಲ್ಲೆ ಎನಿಸುವವರೆಗೆ ಬಾಲ್ಯವನ್ನು ಅಲ್ಲಿಗೆ ಒಯ್ಯಬೇಡಿ. ಎಲ್ಲರೂ ಫೋನ್ ಹಿಡಿದು ಕೂತಿರುತ್ತಾರೆ, ವಿಡಿಯೋ ನಿಮ್ಮ ಚಿಕ್ಕಪ್ಪನಿಗೂ ತಲುಪುತ್ತದೆ.

ನಗೆಯನ್ನೂ ಮನಸ್ಸಿನ ಆರೋಗ್ಯವನ್ನೂ ಜೊತೆಗಿಟ್ಟು ನೋಡುವುದು ಇಲ್ಲಿಗೆ ಹೊಸದಲ್ಲ. ರಾಶಿ ಎಂದೇ ಹೆಸರಾದ ಬೆಂಗಳೂರಿನ ಡಾಕ್ಟರ್ ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಎಂಬ ನಗೆ ಪತ್ರಿಕೆ ಶುರು ಮಾಡಿದರು. ಅದೇ ಶಿವರಾಂ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನಸ್ಸಿನ ಬಗ್ಗೆ ಬರೆದ ಪುಸ್ತಕಕ್ಕೆ.

ಪರಿಣತರ ಹತ್ತಿರ ಹೋಗುವುದಾದರೆ

ಎರಡು ತಿಂಗಳಾದರೂ ನಿದ್ದೆ ಸರಿಯಾಗದಿದ್ದರೆ, ಕೆಲಸಕ್ಕೆ ಹೋಗಲು ಆಗದಿದ್ದರೆ, ಮಕ್ಕಳ ಮೇಲೆ ಕೈ ಎತ್ತುತ್ತಿದ್ದರೆ ಒಬ್ಬರೇ ಮುಂದುವರಿಸಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಅಲ್ಲಿ ತುರ್ತು ಚಿಕಿತ್ಸೆ ಹಗಲೂ ರಾತ್ರಿ ಇರುತ್ತದೆ. "ನಿಮ್ಹಾನ್ಸ್ ಅಂದ್ರೆ ಜನ ಏನಂದುಕೊಳ್ತಾರೋ" ಎಂದು ಹಿಂಜರಿಯುವವರಿಗೆ, ಅದರದೇ ಕ್ಷೇಮ ಕೇಂದ್ರ ಬಿಟಿಎಂ ಲೇಔಟ್‌ನಲ್ಲಿದೆ. ಆಸ್ಪತ್ರೆಯ ವಾತಾವರಣ ಬೇಡ ಎನ್ನುವವರಿಗಾಗಿಯೇ ಮಾಡಿದ್ದು.

ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಓದಿ ಮನೋವೈದ್ಯರಾದವರು, ಔಷಧಿ ಬರೆದುಕೊಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. "ಮೂರೇ ದಿನದಲ್ಲಿ ಬಾಲ್ಯದ ಗಾಯ ಮಾಯ" ಎನ್ನುವ ರೆಸಾರ್ಟ್ ಶಿಬಿರಗಳಿಗೆ ದುಡ್ಡು ಕಟ್ಟುವ ಮೊದಲಂತೂ ಕೇಳಲೇಬೇಕು.

ಪದೇ ಪದೇ ಬರುವ ಎರಡು ಪ್ರಶ್ನೆ

ಅಪ್ಪ-ಅಮ್ಮನನ್ನು ಕ್ಷಮಿಸಲೇಬೇಕಾ? ಬೇಕಿಲ್ಲ. ಕ್ಷಮೆ ತಾನಾಗಿ ಬಂದರೆ ಬರಲಿ. ಮೇಲಿನ ಯಾವ ಹಂತಕ್ಕೂ ಅದರ ಅಗತ್ಯ ಇಲ್ಲ. ವಯಸ್ಸಾದ ಅಪ್ಪನಿಗೆ ಔಷಧಿ ತಂದುಕೊಡುತ್ತಲೇ, ಅವರು ಮಾಡಿದ್ದು ತಪ್ಪು ಎಂದೂ ಹೇಳಬಹುದು.

ಬರೆದ ನೋಟ್‌ಬುಕ್ ಏನು ಮಾಡುವುದು? ಮುಂದೆ ದೂರು ಕೊಡುವ ಯೋಚನೆ ಸ್ವಲ್ಪವಾದರೂ ಇದ್ದರೆ ಹರಿಯಬೇಡಿ, ಮೊದಲು ವಕೀಲರನ್ನು ಕೇಳಿ. ಇಲ್ಲದಿದ್ದರೆ ಇಟ್ಟುಕೊಳ್ಳಬಹುದು, ಹರಿಯಲೂಬಹುದು. ಟೆರೇಸ್ ಮೇಲೆ ಸುಡುವ ಆಸೆ ಹಲವರಿಗೆ ಇರುತ್ತದೆ. ಪಕ್ಕದ ಮನೆಯವರ ಬಟ್ಟೆ ಒಣಗುತ್ತಿರುತ್ತದೆ, ಬೇಡ. ಸಣ್ಣಗೆ ಹರಿದು, ಒಣ ಕಸ ತೆಗೆದುಕೊಳ್ಳುವ ದಿನ ಗಾಡಿಗೆ ಹಾಕಿ.